ಪಿಳ್ಳಣ್ಣ ಮತ್ತು ನಾಲ್ಕನೆಯ ಗೆರೆ

ನಮ್ಮ ವರ್ಕ್‌ಶಾಪಿನ ಗೇಟಿನಲ್ಲಿ ಕುಂಟುತ್ತ ಬಂದು ಸರಪಳಿ ಬಿಚ್ಚುವ ಪಿಳ್ಳಣ್ಣನನ್ನು ನೋಡಿದವರು, ಇಂಥ ಪುಕ್ಕಲನನ್ನು ಕಾವಲಿಗೆ ಇಟ್ಟವರು ಯಾರಪ್ಪ ಎಂದು ನಗುತ್ತಾರೆ. ಬೀದಿನಾಯಿ ಬೊಗಳಿದರೆ ಕಾವಲುಗಾರನೇ ಎದ್ದು ಗೇಟಿನೊಳಗೆ ಬರುವ ಜಾಗ ಇದೊಂದೇ ಇರಬೇಕು. ಗುಡುಗು ಬಂದರೆ ‘ಅರ್ಜುನ, ಫಲ್ಗುಣ, ಪಾರ್ಥ’ ಎಂದು ಶುರು ಮಾಡುತ್ತಾನೆ. ಹೆಸರೆಲ್ಲ ಮುಗಿದರೂ ಗುಡುಗು ಮುಗಿಯದಿದ್ದರೆ ಮತ್ತೆ ಮೊದಲಿನಿಂದ ಹೇಳುತ್ತಾನೆ. ಹೊಸದಾಗಿ ಸೇರಿದವರು ಅವನ ಬೆನ್ನ ಹಿಂದೆ ನಿಂತು ತಗಡು ಬಡಿದು ತಮಾಷೆ ನೋಡುತ್ತಾರೆ. ಅಂಥವರಿಗೆ ನಾನು ಸ್ಟೋರಿನಲ್ಲಿ ಒಳ್ಳೆಯ ಸ್ಪ್ಯಾನರ್ ಕೊಡುವುದಿಲ್ಲ.

ಆ ಸ್ಟೋರು ನೋಡಿಕೊಳ್ಳುವವನು ನಾನು, ಸಂಜೀವಪ್ಪ. ಒಂದು ಕಾಲದಲ್ಲಿ ಪಿಳ್ಳಣ್ಣನನ್ನು ಕಂಡು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನೂ ನಾನೇ. ಹೆದರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಡುಕು. ಈಗ ಆ ಸಿಡುಕೆಲ್ಲ ನಗುವವರ ಕಡೆಗೆ ತಿರುಗಿದೆ. ಹೇಗೆ ತಿರುಗಿತು ಎಂಬುದನ್ನೇ ಹೇಳುತ್ತೇನೆ.

ನಮ್ಮ ವರ್ಕ್‌ಶಾಪು ಇರುವುದು ದೊಡ್ಡಬಳ್ಳಾಪುರದಿಂದ ಸ್ವಲ್ಪ ಆಚೆ. ಬೆಂಗಳೂರಿನ ಕಾರ್ಖಾನೆಗಳು ಗೇಜುಗಳನ್ನು ತಾವೇ ತಯಾರಿಸಬೇಕೆಂದು ಹೊರಟಿದ್ದ ಕಾಲ ಅದು. ಗೇಜು ಎಂದರೆ ಬೆರಳುದ್ದದ ಒಂದು ಸಾಮಾನು. ಪೈಪಿಗೆ ಕೂರಿಸಿದರೆ ಒಳಗಿನ ಎಣ್ಣೆ ಎಷ್ಟು ಒತ್ತುತ್ತಿದೆ ಎಂದು, ಇಂಜಿನ್ನಿಗೆ ಕೂರಿಸಿದರೆ ಎಷ್ಟು ಕಾದಿದೆ ಎಂದು ತಂತಿಯ ಮೂಲಕ ತಿಳಿಸುತ್ತದೆ. ಕಾರ್ಖಾನೆಯ ಮೇಜಿನ ಮೇಲಿದ್ದಾಗ ಎಲ್ಲ ಗೇಜುಗಳೂ ಒಳ್ಳೆಯ ಮಕ್ಕಳೇ. ಧೂಳು, ಮಳೆ, ಕುಲುಕಾಟ ಸಿಕ್ಕಿದ ಮೇಲೆ ಯಾವುದು ನಿಜ ಹೇಳುತ್ತದೆ, ಯಾವುದು ಬಾಯಿ ಮುಚ್ಚಿಕೊಳ್ಳುತ್ತದೆ ಎಂದು ನೋಡುವುದು ನಮ್ಮ ಕೆಲಸ. ಅದಕ್ಕಾಗಿ ಒಂದು ಹಳೆಯ ಲಾರಿಗೆ ಗೇಜುಗಳನ್ನು ಕಟ್ಟಿ, ಮನೆ ಕಟ್ಟುವ ಸೈಜುಕಲ್ಲು ತುಂಬಿ, ಕೆಟ್ಟ ರಸ್ತೆ ಎಲ್ಲಿದೆಯೋ ಅಲ್ಲಿಗೆ ಓಡಿಸುತ್ತಿದ್ದೆವು. ಕೆಟ್ಟ ರಸ್ತೆಗಳಿಗೆ ನಮ್ಮ ಕಡೆ ಎಂದೂ ಕೊರತೆ ಇರಲಿಲ್ಲ.

ಗೇಜುಗಳು ಹೇಳಿದ್ದನ್ನು ಬರೆದುಕೊಳ್ಳಲು ಹೊರದೇಶದಿಂದ ತರಿಸಿದ ಒಂದು ಉಕ್ಕಿನ ಪೆಟ್ಟಿಗೆ ಇತ್ತು. ಕೆಳಗೆ ರಬ್ಬರಿನ ಕಾಲು, ಮೇಲೆ ಗಾಜಿನ ಕಿಟಕಿ. ಒಳಗೆ ಕಾಗದದ ಸುರುಳಿ ಮೆಲ್ಲಗೆ ಸರಿಯುತ್ತಿದ್ದರೆ ಅದರ ಮೇಲೆ ಮಸಿಯ ಮುಳ್ಳುಗಳು ಒಂದೊಂದು ಗೇಜಿಗೆ ಒಂದೊಂದು ಗೆರೆ ಎಳೆಯುತ್ತಿದ್ದವು. ಲಾರಿಯಿಂದ ಎತ್ತಿಹಾಕಿದರೂ ಆ ಪೆಟ್ಟಿಗೆಗೆ ಏನೂ ಆಗದು ಎಂದು ನಮ್ಮ ಇಂಜಿನಿಯರ್ ವೆಂಕಟರಾಮಪ್ಪನವರಿಗೆ ಬಲು ಹೆಮ್ಮೆ. ಪೆಟ್ಟಿಗೆಗೆ ಏನೂ ಆಗದು ಸರಿ, ಅದರ ಪಕ್ಕ ಕೂತವನಿಗೆ ಏನಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ.

ಪಕ್ಕ ಕೂರುತ್ತಿದ್ದವನು ಪಿಳ್ಳಣ್ಣ. ಕುಂದಾಣದ ಕಡೆಯವನು. ಶಾಲೆ ಮುಗಿಸಿ, ಪಂಪ್‌ಸೆಟ್ ರಿಪೇರಿ ಕಲಿತು, ಊರೂರು ಸುತ್ತಿ, ಕೊನೆಗೆ ನಮ್ಮಲ್ಲಿಗೆ ಹಂಗಾಮಿ ನೌಕರನಾಗಿ ಬಂದಿದ್ದ. ಲಾರಿಯ ಹಿಂತುದಿಯಲ್ಲಿ, ಕುಲುಕಾಟ ಎಲ್ಲಕ್ಕಿಂತ ಹೆಚ್ಚಿರುವ ಕಡೆ, ಅವನಿಗೆ ಒಂದು ತಗಡಿನ ಗೂಡು. ಅವನಿಗೂ ಡ್ರೈವರನಿಗೂ ನಡುವೆ ಲಾರಿ ತುಂಬ ಕಲ್ಲು. ಮುಳ್ಳಿಗೆ ಮಸಿ ಹಾಕುವುದು, ಕಾಗದ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವುದು, ಎಲ್ಲಿ ಏನಾಯಿತು ಎಂದು ಗೆರೆಯ ಪಕ್ಕ ಗುರುತು ಹಾಕುವುದು ಅವನ ಕೆಲಸ. ಹೆದರಿಕೆಯವನಾದ್ದರಿಂದ ಒಂದೊಂದು ತಿರುಪನ್ನೂ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದ. ಅದು ಇಂಜಿನಿಯರಿಗೆ ಹಿಡಿಸಿತ್ತು. ಬರುವ ವರ್ಷ ಕಾಯಂ ಮಾಡಿಸುತ್ತೇನೆ ಎಂದಿದ್ದರು. ಅಂದಿನಿಂದ ಪಿಳ್ಳಣ್ಣನ ಹೆದರಿಕೆಗಳ ಸಾಲಿಗೆ ಇನ್ನೊಂದು ಸೇರಿತು: ಎಲ್ಲಿ ಆ ಕಾಯಂ ಕೈತಪ್ಪಿ ಹೋಗುತ್ತದೋ ಎಂದು.

ಲಾರಿ ಓಡಿಸುತ್ತಿದ್ದವನು ದೊಡ್ಡಬಳ್ಳಾಪುರದ ನಜೀಬುಲ್ಲಾ. ಹೆದರಿಕೆ ಎಂದರೆ ಏನೆಂದು ಗೊತ್ತಿಲ್ಲದ ಮನುಷ್ಯ. ಬೀಡಿ ಕಚ್ಚಿಕೊಂಡು, ಒಂದು ಕೈ ಕಿಟಕಿಯ ಹೊರಗೆ ಇಟ್ಟುಕೊಂಡು, ಮೇಕೆಯೂ ಯೋಚಿಸುವಂಥ ಇಳಿಜಾರಿನಲ್ಲಿ ಲಾರಿ ಇಳಿಸುತ್ತಿದ್ದ. ಇಬ್ಬರಿಗೂ ಅದು ಹೇಗೆ ಕೂಡಿಬಂತೋ, ಊಟಕ್ಕೆ ಒಟ್ಟಿಗೇ ಕೂರುತ್ತಿದ್ದರು. ಪಿಳ್ಳಣ್ಣನ ಹೆಂಡತಿ ಮುನಿಗಂಗಮ್ಮ ಕಟ್ಟಿಕೊಟ್ಟ ಹುರುಳಿಕಾಳಿನ ಸಾರು ನಜೀಬುಲ್ಲಾನಿಗೆ, ನಜೀಬುಲ್ಲಾನ ಹೆಂಡತಿ ಚಾಂದ್ ಬೀ ಕಟ್ಟಿಕೊಟ್ಟ ಚಪಾತಿ ಇವನಿಗೆ. ನಜೀಬುಲ್ಲಾ ಮೊದಮೊದಲು ಅವನನ್ನು ರೇಗಿಸುತ್ತಿದ್ದ, ಆಮೇಲಾಮೇಲೆ ಬಿಟ್ಟುಬಿಟ್ಟ. ನನಗಂತೂ ಬಿಡಲಾಗಿರಲಿಲ್ಲ.

ಲಾರಿಯ ಪರೀಕ್ಷೆಗೆ ನಾವು ಹೋಗುತ್ತಿದ್ದುದು ಸಾಸಲಿನ ಆಚೆಯ ಒಂದು ಹಳೆಯ ಕಲ್ಲು ಕ್ವಾರಿಗೆ. ಬಂಡೆಯ ನೆತ್ತಿಯಿಂದ ಬಯಲಿಗೆ ಇಳಿಯುವ ಮಣ್ಣುದಾರಿ. ಮೇಲಿನ ಅರ್ಧ ಮೆಲ್ಲಗೆ ಇಳಿಯುತ್ತದೆ. ಆಮೇಲೆ ಒಂದು ತಿರುವು, ತಿರುವಿನಲ್ಲಿ ಒಂದು ಹೊಂಗೆಮರ. ಮರ ದಾಟಿತೋ, ದಾರಿ ಒಮ್ಮೆಗೇ ಕಡಿದಾಗುತ್ತದೆ. ಬಲಗಡೆ ಕಲ್ಲು ತೆಗೆದು ಬಿಟ್ಟ ಹಳ್ಳ, ಹಳ್ಳದ ತಳದಲ್ಲಿ ಹಸಿರುಗಟ್ಟಿದ ನೀರು. ಕ್ವಾರಿ ನಡೆಯುತ್ತಿದ್ದಾಗ ಬ್ರೇಕು ಹೋದ ಲಾರಿಯೊಂದು ಆ ತಿರುವು ದಾಟಿ ಹಳ್ಳಕ್ಕೆ ಬಿದ್ದಿತ್ತು. ಪಿಳ್ಳಣ್ಣ ಆಗ ಅಲ್ಲಿಯ ಪಂಪು ರಿಪೇರಿಗೆ ಬಂದಿದ್ದನಂತೆ. ಡ್ರೈವರನನ್ನು ಮೇಲೆತ್ತಲು ಹಗ್ಗ ಹಿಡಿದವರಲ್ಲಿ ಅವನೂ ಒಬ್ಬ. ನೋಡಬಾರದಾಗಿತ್ತು, ನೋಡಿಬಿಟ್ಟೆ ಎಂದು ಅಷ್ಟೇ ಹೇಳುತ್ತಿದ್ದ. ಆ ದಾರಿಯಲ್ಲಿ ಪ್ರತಿ ಸಲ ಇಳಿಯುವಾಗಲೂ ಅವನ ಅಂಗಿಯ ಬೆನ್ನು ನೆನೆದು ಅಂಟಿಕೊಂಡಿರುತ್ತಿತ್ತು. ಚಳಿಗಾಲದಲ್ಲೂ ಅಷ್ಟೆ.

ಅವನಿಗೂ ಡ್ರೈವರನಿಗೂ ನಡುವೆ ಮೊದಲು ಒಂದು ಗಂಟೆ ಇತ್ತು. ಪಿಳ್ಳಣ್ಣ ಹಗ್ಗ ಎಳೆದರೆ ನಜೀಬುಲ್ಲಾನ ಕಿವಿಯ ಹತ್ತಿರ ಢಣ್ ಎನ್ನುತ್ತಿತ್ತು. ಲಾರಿ ನಿಲ್ಲಿಸಬೇಕು ಎಂದರ್ಥ. ಪಿಳ್ಳಣ್ಣ ಸುಮ್ಮಸುಮ್ಮನೆ ಎಳೆಯುತ್ತಿದ್ದ. ಸುಟ್ಟ ವಾಸನೆ ಬಂತು, ಕಲ್ಲು ಅಲುಗಿದ ಹಾಗಾಯಿತು, ಎಂಥದೋ ಕಿರುಗುಟ್ಟಿತು. ಒಂದೊಂದು ಸಲ ನಿಂತಾಗಲೂ ಆವತ್ತಿನ ಪರೀಕ್ಷೆ ಹಾಳು, ಮತ್ತೆ ನೆತ್ತಿಗೆ ಹತ್ತಿ ಮೊದಲಿನಿಂದ ಇಳಿಯಬೇಕು. ಕೊನೆಗೆ ವೆಂಕಟರಾಮಪ್ಪನವರು ಗಂಟೆ ಬಿಚ್ಚಿಸಿ ನನ್ನ ಸ್ಟೋರಿಗೆ ಕಳಿಸಿದರು. ಗೆರೆ ಕೆಳಗೆ ಬಿದ್ದರೆ ಗೇಜು ಸತ್ತಿದೆ ಎಂದರ್ಥ, ಗೇಜು ಸಾಯುತ್ತದೋ ಇಲ್ಲವೋ ನೋಡುವುದಕ್ಕೇ ನಾವಿರುವುದು, ಅದಕ್ಕೆಲ್ಲ ಲಾರಿ ನಿಲ್ಲಿಸಬೇಡ ಎಂದು ಅವನಿಗೆ ಬುದ್ಧಿ ಹೇಳಿದರು. ಮಾತು ಸರಿಯಾಗಿಯೇ ಇತ್ತು. ಪಿಳ್ಳಣ್ಣ ಹೂಂ ಎಂದ. ಹಗ್ಗವಿದ್ದ ಜಾಗವನ್ನು ಅವನ ಕೈ ಆಮೇಲೂ ಬಹಳ ದಿನ ತಡಕುತ್ತಿತ್ತಂತೆ.

ಇಷ್ಟು ಹೇಳಿದ ಮೇಲೆ ಅರವತ್ತೊಂಬತ್ತನೆಯ ಇಸವಿಯ ಆಯುಧಪೂಜೆಗೆ ಬರುತ್ತೇನೆ.

ನಮ್ಮಲ್ಲಿ ಆಯುಧಪೂಜೆ ಜೋರು. ಶೆಡ್ಡಿನ ಬಾಗಿಲಿಗೆ ಬಾಳೆಕಂದು, ಲಾರಿಯ ಮೂತಿಗೆ ಚೆಂಡುಹೂವಿನ ಹಾರ, ಗಾಲಿಗಳ ಕೆಳಗೆ ನಿಂಬೆಹಣ್ಣು. ಲೇತು, ಡ್ರಿಲ್ಲು, ಸುತ್ತಿಗೆ, ನನ್ನ ಸ್ಟೋರಿನ ತಕ್ಕಡಿ, ಎಲ್ಲಕ್ಕೂ ವಿಭೂತಿ, ಕುಂಕುಮ. ನಜೀಬುಲ್ಲಾನೇ ನಿಂಬೆಹಣ್ಣಿನ ಮೇಲೆ ಲಾರಿ ಹತ್ತಿಸಿ, ಕಡ್ಲೆಪುರಿಯ ದೊಡ್ಡ ಪೊಟ್ಟಣ ಮನೆಗೆ ಒಯ್ಯುತ್ತಿದ್ದ. ಆದರೆ ಪೆಟ್ಟಿಗೆಗೆ ಮಾತ್ರ ಪೂಜೆ ಇಲ್ಲ. ಹಿಂದಿನ ವರ್ಷ ಯಾರೋ ಭಕ್ತಿ ಹೆಚ್ಚಾಗಿ ಗೇಜಿಗೇ ಗಂಧ ಬಳಿದು ಅದನ್ನು ಕೆಡಿಸಿದ್ದರಿಂದ, ಪೆಟ್ಟಿಗೆ, ಗೇಜು, ತಂತಿ ಇವುಗಳ ಹತ್ತಿರ ಅರಿಶಿನ ಕುಂಕುಮ ತಂದವರ ಕೆಲಸ ಹೋಯಿತೆಂದೇ ತಿಳಿಯಿರಿ ಎಂದು ಇಂಜಿನಿಯರು ಎಲ್ಲರ ಮುಂದೆ ಹೇಳಿದ್ದರು.

ಪಿಳ್ಳಣ್ಣನ ಸಂಕಟ ಆಗ ನನಗೆ ಅರ್ಥವಾಗಿರಲಿಲ್ಲ. ಸ್ಪ್ಯಾನರಿಗೂ ಸುತ್ತಿಗೆಗೂ ಪೂಜೆಯಾಗಿ, ತನ್ನ ಮೊಣಕಾಲಿಗೆ ತಾಗಿಕೊಂಡಿರುವ ಪೆಟ್ಟಿಗೆ ಮಾತ್ರ ಬೋಳಾಗಿ ಕೂತಿದ್ದರೆ, ಅದರ ಜೊತೆ ಆ ಇಳಿಜಾರಿಗೆ ಹೋಗುವುದು ಹೇಗೆ? ಮುನಿಗಂಗಮ್ಮ ಮುತ್ಯಾಲಮ್ಮನ ಗುಡಿಯಿಂದ ತಂದ ಕುಂಕುಮವನ್ನು ಕಾಗದದಲ್ಲಿ ಮಡಚಿ ಅವನ ಜೇಬಿಗೆ ಹಾಕಿದ್ದಳು. ಎಲ್ಲರೂ ಪುರಿ ಹಂಚಿಕೊಳ್ಳುತ್ತಿದ್ದಾಗ ಇವನು ಲಾರಿಯ ಗೂಡಿಗೆ ಹತ್ತಿ, ತೀರ್ಥದಲ್ಲಿ ಕಲಸಿ, ಪೆಟ್ಟಿಗೆಗೆ ಒಂದು ಬೊಟ್ಟು ಇಟ್ಟ. ಮೇಲೆ ಇಟ್ಟರೆ ಕಾಣುತ್ತದಲ್ಲ? ಅದಕ್ಕೆ ಯಾರ ಕಣ್ಣಿಗೂ ಬೀಳದ ಜಾಗ ಹುಡುಕಿದ. ಪೆಟ್ಟಿಗೆಯ ಹಿಂಬದಿಯಲ್ಲಿ ಗೇಜುಗಳ ತಂತಿ ಬಂದು ಸೇರುವ ತೂತುಗಳಿವೆ. ನಾಲ್ಕನೆಯ ತೂತಿನ ಒಳಗೆ ಬೆರಳು ಹಾಕಿ ಒತ್ತಿಬಿಟ್ಟ. ಹಬ್ಬ ಮುಗಿದ ಮೇಲೆ ಯಾರಿಗೂ ಕಾಣದಂತೆ ಒರೆಸಿದರಾಯಿತು ಎಂದುಕೊಂಡಿದ್ದ.

ಹಬ್ಬ ಮುಗಿದು ಅವನು ಬರುವಷ್ಟರಲ್ಲಿ ಇಂಜಿನಿಯರೇ ಎಲ್ಲರಿಗಿಂತ ಮೊದಲು ಬಂದು ತಂತಿಗಳನ್ನೆಲ್ಲ ಜೋಡಿಸಿ, ಮೇಣ ಹಾಕಿ ಸೀಲು ಒತ್ತಿಬಿಟ್ಟಿದ್ದರು. ಪರೀಕ್ಷೆ ಮುಗಿಯುವ ತನಕ ಅದನ್ನು ಯಾರೂ ಬಿಚ್ಚುವಂತಿಲ್ಲ. ನಾಲ್ಕನೆಯ ತಂತಿ ಬರುತ್ತಿದ್ದುದು ಬ್ರೇಕಿನ ಎಣ್ಣೆಯ ಪೈಪಿನಿಂದ. ನಜೀಬುಲ್ಲಾ ಬ್ರೇಕು ಒತ್ತಿದಾಗೆಲ್ಲ ನಾಲ್ಕನೆಯ ಗೆರೆ ಮೇಲೇಳಬೇಕು, ಬಿಟ್ಟಾಗ ಇಳಿಯಬೇಕು.

ಅವತ್ತು ಬೆಳಿಗ್ಗೆ ಪಿಳ್ಳಣ್ಣ ಸ್ಟೋರಿನ ಬಾಗಿಲಿಗೆ ಬಂದು ನಿಂತ. ಮುಖದಲ್ಲಿ ರಕ್ತವೇ ಇರಲಿಲ್ಲ. ಏನಪ್ಪಾ ಎಂದೆ. ಏನಿಲ್ಲ ಎಂದ. ಹೋಗಿ ಮತ್ತೆ ಬಂದ. ಇವನದು ದಿನಾ ಇದೇ ಗೋಳು ಎಂದು ನಾನು ತಲೆ ಎತ್ತಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಏನಾಗುತ್ತದೋ ಗೊತ್ತಿಲ್ಲ ಎಂಬ ಹಗ್ಗಜಗ್ಗಾಟದಲ್ಲಿ ಅವನು ಹೇಳದೆಯೇ ಲಾರಿ ಹತ್ತಿದ. ಹೊರಡುವಾಗ ಸಣ್ಣಗೆ ಸೋನೆ ಹಿಡಿದಿತ್ತು. ಗೂಡಿನ ಹಿಂದೆ ಬಾಗಿಲಿಲ್ಲ, ತೆರೆದೇ ಇರುತ್ತದೆ. ದಾರಿಯುದ್ದಕ್ಕೂ ಇರಚಲು ಪೆಟ್ಟಿಗೆಯ ಹಿಂಬದಿಗೆ ಹೊಡೆಯುತ್ತಿತ್ತು.

ವೆಂಕಟರಾಮಪ್ಪನವರೂ ನಾನೂ ಜೀಪಿನಲ್ಲಿ ಮೊದಲೇ ಹೋಗಿ ಕ್ವಾರಿಯ ಬಯಲಿನಲ್ಲಿ ನಿಂತೆವು. ಅವರ ಕೈಯಲ್ಲಿ ಬಾವುಟ, ನನ್ನ ಕೈಯಲ್ಲಿ ಔಷಧಿ ಡಬ್ಬ. ಮೇಲೆ ನೆತ್ತಿಯಲ್ಲಿ ಲಾರಿ ಕಾಣುತ್ತಿತ್ತು. ಇಂಜಿನಿಯರು ಬಾವುಟ ಬೀಸಿದರು. ನಜೀಬುಲ್ಲಾ ಒಂದನೆಯ ಗೇರಿನಲ್ಲಿ ಲಾರಿ ಇಳಿಸತೊಡಗಿದ. ಮೇಲಿನ ಅರ್ಧದಲ್ಲಿ ಅವನು ಯಾವಾಗಲೂ ಬಹಳ ನಿಧಾನ. ಬೇಕೆಂದೇ ನಿಧಾನ, ಅಲ್ಲಿ ಆಗಾಗ ಬ್ರೇಕು ಒತ್ತಿ ಒತ್ತಿ ಬಿಡಬೇಕು, ಗೆರೆ ಚೆನ್ನಾಗಿ ಮೂಡಬೇಕು ಎಂದು ಹಾಗೆ ಗೊತ್ತುಮಾಡಿತ್ತು. ಹುಲ್ಲುಹೊರೆ ಹೊತ್ತ ಇಬ್ಬರು ಹೆಂಗಸರು ಲಾರಿಯ ಪಕ್ಕದಲ್ಲೇ ಇಳಿಯುತ್ತ, ಅದನ್ನು ಹಿಂದೆ ಹಾಕಿ ಮುಂದೆ ಬಂದರು.

ಗೂಡಿನೊಳಗೆ ನಡೆದದ್ದನ್ನು ಪಿಳ್ಳಣ್ಣ ಆಮೇಲೆ ನನಗೆ ಹೇಳಿದ. ನಜೀಬುಲ್ಲಾ ಬ್ರೇಕು ಒತ್ತಿದ. ಲಾರಿ ಒಂಚೂರು ಹಿಂದಕ್ಕೆ ಜಗ್ಗಿತು. ನಾಲ್ಕನೆಯ ಗೆರೆ ಎದ್ದಿತು. ಸದ್ಯ, ದೇವರಿದ್ದಾನೆ ಎಂದುಕೊಂಡ. ಮತ್ತೆ ಒತ್ತಿದ, ಗೆರೆ ಎದ್ದಿತು, ಆದರೆ ಮೊದಲಿನಷ್ಟು ಅಲ್ಲ. ಮತ್ತೆ ಒತ್ತಿದಾಗ ಇನ್ನೂ ಕಡಿಮೆ. ಗೇಜು ಸಾಯುವುದನ್ನು ಅವನು ಬೇಕಾದಷ್ಟು ನೋಡಿದ್ದ. ಗೇಜು ಸತ್ತರೆ ಗೆರೆ ಒಮ್ಮೆಗೇ ದೊಪ್ಪೆಂದು ಬಿದ್ದು ಮಲಗುತ್ತದೆ. ಇದು ಹಾಗಲ್ಲ. ಸೋರುವ ಕೊಡದಲ್ಲಿ ನೀರು ಇಳಿಯುವ ಹಾಗೆ ಇಳಿಯುತ್ತಿತ್ತು.

ನನ್ನ ಕುಂಕುಮದ್ದೇ ಕೆಲಸ ಇರಬೇಕು ಎಂದು ಅವನಿಗೆ ಹೊಳೆಯದೆ ಇರಲಿಲ್ಲ. ಮೊದಲು ಹೊಳೆದದ್ದೇ ಅದು. ಕುಂಕುಮ ನೆನೆದು ತಂತಿಯ ಕರೆಂಟು ಸೋರಿ ಗೆರೆ ಇಳಿಯುತ್ತಿದೆಯೋ, ಪೈಪು ಒಡೆದು ಎಣ್ಣೆ ಸೋರಿ ಗೆರೆ ಇಳಿಯುತ್ತಿದೆಯೋ? ನೋಡಿ ಹೇಳುವ ದಾರಿ ಇಲ್ಲ. ಸೀಲು ಒಡೆಯುವಂತಿಲ್ಲ, ಗಂಟೆ ಇಲ್ಲ, ಕೂಗಿದರೆ ಕಲ್ಲುಗಳ ಗಡಗಡದಲ್ಲಿ ಅವನಿಗೇ ಅವನ ದನಿ ಕೇಳಿಸುತ್ತಿರಲಿಲ್ಲ. ತಗಡು ಗುದ್ದಿದ. ಕೈ ನೋಯಿತು ಅಷ್ಟೆ. ಹೊಂಗೆಮರ ಹತ್ತಿರ ಬರುತ್ತಿತ್ತು. ಹಗ್ಗದಲ್ಲಿ ಎತ್ತಿದ ಆ ಡ್ರೈವರನ ಮುಖ ಕಣ್ಣಿಗೆ ಬಂತು, ಬಂದ ಮುಖ ನಜೀಬುಲ್ಲಾನದಾಗಿತ್ತು. ಕೂತಲ್ಲೇ ಉಚ್ಚೆ ಹೊಯ್ದುಕೊಂಡೆ ಎಂದೂ ಅವನೇ ಹೇಳಿದ. ಹೇಳಿಕೊಳ್ಳಬಾರದ ಮಾತೆಂದು ಅವನಿಗೆ ಅನ್ನಿಸಿದಂತಿರಲಿಲ್ಲ.

ಕೆಳಗೆ ನಿಂತ ನಮಗೆ ಕಂಡದ್ದು ಇಷ್ಟು: ಲಾರಿಯ ಹಿಂತುದಿಯ ಗೂಡಿನ ಮೇಲೆ ಒಂದು ತಲೆ ಕಂಡಿತು, ಆಮೇಲೆ ಎರಡು ಕೈ. ಪಿಳ್ಳಣ್ಣ ಗೂಡಿನ ತಗಡು ಹತ್ತಿ ಕಲ್ಲಿನ ರಾಶಿಯ ಮೇಲೆ ಬಿದ್ದ. ಏನು ಮಾಡ್ತಿದ್ದಾನೆ ಅವನು ಎಂದು ವೆಂಕಟರಾಮಪ್ಪನವರು ನಿಲ್ಲಿಸಲು ಬಾವುಟ ಬೀಸುವುದನ್ನೇ ಮರೆತರು. ಅವನು ಹೊಟ್ಟೆಯ ಮೇಲೆ ತೆವಳುತ್ತಿದ್ದ. ಸೈಜುಕಲ್ಲು ಎಂದರೆ ಒಂದೊಂದೂ ಇಬ್ಬರು ಎತ್ತುವ ತೂಕ, ಲಾರಿ ಅಲುಗಿದಾಗೆಲ್ಲ ಒಂದಕ್ಕೊಂದು ತಿಕ್ಕಿ ಕಟಕಟ ಹಲ್ಲು ಕಡಿಯುತ್ತವೆ. ಅವುಗಳ ನಡುವೆ ಕೈ ಸಿಕ್ಕರೆ ಕೈ ಹೋಯಿತು. ಮಳೆಗೆ ಮೇಲೆಲ್ಲ ಜಾರುತ್ತಿತ್ತು. ಅವನು ಒಂದು ಕಲ್ಲನ್ನು ತಬ್ಬಿಕೊಂಡು ಅಲ್ಲೇ ಉಳಿದುಬಿಟ್ಟ. ಹೋಗಬೇಡ ಕಣೋ, ಅಲ್ಲೇ ಇರು ಎಂದು ನಾನು ಇಲ್ಲಿಂದ ಕಿರುಚುತ್ತಿದ್ದೆ. ನಾನು ಅಷ್ಟು ಹೆದರಿದ್ದು ಅದೇ ಮೊದಲು.

ಮತ್ತೆ ತೆವಳಿದ. ಕ್ಯಾಬಿನ್ನಿನ ಹಿಂಗೋಡೆ ಸಿಕ್ಕಿತು. ಹೊಂಗೆಮರದ ಕೊಂಬೆ ಲಾರಿಯ ಮೂತಿಗೆ ಇನ್ನೇನು ತಾಗಬೇಕು, ಅಷ್ಟರಲ್ಲಿ ಅವನು ಕ್ಯಾಬಿನ್ನಿನ ಮಾಡಿನ ಮೇಲೆ ಮಲಗಿ, ಕೈ ಕೆಳಗೆ ಇಳಿಬಿಟ್ಟು ಮುಂದಿನ ಗಾಜನ್ನು ಪಟಪಟ ಬಡಿದ. ನಜೀಬುಲ್ಲಾನ ಕಣ್ಣ ಮುಂದೆ ಒಮ್ಮೆಗೇ ಒಂದು ರಕ್ತ ಮೆತ್ತಿದ ಕೈ. ಅದರ ಹಿಂದೆ ತಲೆಕೆಳಗಾಗಿ ಪಿಳ್ಳಣ್ಣನ ಮುಖ. ‘ಬ್ರೇಕಿಲ್ಲ, ಬ್ರೇಕಿಲ್ಲ’ ಎಂದು ಆ ಮುಖ ಕೂಗುತ್ತಿತ್ತು.

ನಜೀಬುಲ್ಲಾ ಬೆಚ್ಚಿಬಿದ್ದು ಬ್ರೇಕು ತುಳಿದ. ಲಾರಿ ನಿಂತಿತು.

ಗಕ್ಕನೆ, ತಿರುವಿನ ಬಾಯಲ್ಲೇ, ಒಂದು ಮಾರೂ ಮುಂದೆ ಸರಿಯದೆ ನಿಂತಿತು. ಬ್ರೇಕು ಅಷ್ಟು ಚೆನ್ನಾಗಿತ್ತು. ನಿಂತ ರಭಸಕ್ಕೆ ಕಲ್ಲುಗಳು ಮುಂದಕ್ಕೆ ಜರುಗಿದವು. ಕ್ಯಾಬಿನ್ನಿಗೂ ಕಲ್ಲಿಗೂ ನಡುವೆ ಇಳಿಬಿದ್ದಿದ್ದ ಪಿಳ್ಳಣ್ಣನ ಎಡಗಾಲಿನ ಪಾದ ಸಿಕ್ಕಿಕೊಂಡಿತು. ಅವನು ಆಗ ಕಿರುಚಿದ ದನಿ ನನಗೆ ಈಗಲೂ ಒಮ್ಮೊಮ್ಮೆ ಕೇಳಿಸುತ್ತದೆ.

ನಾವು ಓಡಿ ಹತ್ತುವಷ್ಟರಲ್ಲಿ ನಜೀಬುಲ್ಲಾ ಕಲ್ಲು ಸರಿಸಿ ಅವನನ್ನು ಕೆಳಗಿಳಿಸಿ ಹೊಂಗೆಮರದ ಬುಡದಲ್ಲಿ ಕೂರಿಸಿದ್ದ. ನಾನು ಡಬ್ಬ ತೆರೆದು ಬಟ್ಟೆ ಸುತ್ತಿದೆ. ಗಂಟು ನಜೀಬುಲ್ಲಾ ಹಾಕಿದ. ವೆಂಕಟರಾಮಪ್ಪನವರು ಲಾರಿಯ ಕೆಳಗೆ ತೂರಿ ಬ್ರೇಕಿನ ಪೈಪು ಮುಟ್ಟಿ ನೋಡಿದರು. ಒಂದು ತೊಟ್ಟು ಎಣ್ಣೆಯೂ ಸೋರಿರಲಿಲ್ಲ. ಗೂಡಿಗೆ ಹೋಗಿ ಸೀಲು ಒಡೆದು ನಾಲ್ಕನೆಯ ತಂತಿ ಕಿತ್ತರು. ತೂತಿನೊಳಗೆ ಕರವಸ್ತ್ರದ ತುದಿ ಹಾಕಿ ತಿರುಗಿಸಿ ಹೊರಗೆ ತೆಗೆದಾಗ ಅದು ಕೆಂಪಾಗಿತ್ತು. ಅದನ್ನು ಹಿಡಿದುಕೊಂಡು ಬಂದು ನಮ್ಮ ಮುಂದೆ ನಿಂತರು.

“ಇದನ್ನ ಯಾರು ಮಾಡಿದ್ದು?”

“ನಾನೇ ಸಾರ್,” ಎಂದ ಪಿಳ್ಳಣ್ಣ. “ಹಬ್ಬದ ದಿವಸ. ಕಾಣದಿರೋ ಕಡೆ ಇಟ್ಟಿದ್ದೆ.”

ಇಂಜಿನಿಯರು ಬೈಯಲು ಬಾಯಿ ತೆರೆದು, ರಕ್ತ ಒಸರುತ್ತಿದ್ದ ಬಟ್ಟೆ ನೋಡಿ ಕರವಸ್ತ್ರವನ್ನು ಜೇಬಿಗೆ ತುರುಕಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು. ತಾವೇ ಜೀಪು ಓಡಿಸಿಕೊಂಡು ಅವನನ್ನು ಆಸ್ಪತ್ರೆಗೆ ಸೇರಿಸಿದರು. ಇನ್ನು ಅವನು ಪೆಟ್ಟಿಗೆ ಮುಟ್ಟುವಂತಿಲ್ಲ ಎಂದು ಹೇಳಿದವರೂ ಅವರೇ, ಕಾಲು ಕುಂಟಾದವನನ್ನು ಮನೆಗೆ ಕಳಿಸಲಾಗದು ಎಂದು ಮೇಲಿನವರ ಹತ್ತಿರ ಜಗಳವಾಡಿ ಗೇಟಿನ ಕೆಲಸಕ್ಕೆ ಹಾಕಿಸಿದವರೂ ಅವರೇ. ಪಿಳ್ಳಣ್ಣ ಕಾಯಂ ಆದದ್ದು ಹಾಗೆ.

ವರ್ಕ್‌ಶಾಪಿನಲ್ಲಿ ಆ ವಾರವೆಲ್ಲ ನಗುವೋ ನಗು. ಬ್ರೇಕಿಲ್ಲ ಬ್ರೇಕಿಲ್ಲ ಎಂದು ಒಬ್ಬ ಕೂಗಿದನಂತೆ, ಲಾರಿ ಅದನ್ನು ಕೇಳಿ ಬ್ರೇಕು ಹಿಡಿದು ನಿಂತಿತಂತೆ. ಈ ಕಥೆಯನ್ನು ಚಹಾದ ಅಂಗಡಿಯಲ್ಲಿ ಕೈ ಬಾಯಿ ತಿರುಗಿಸಿ ಅಭಿನಯ ಮಾಡಿ ತೋರಿಸುತ್ತಿದ್ದವನು ನಾನು. ಅವತ್ತು ಬಯಲಿನಲ್ಲಿ ನಿಂತು ಹೆದರಿ ಕಿರುಚಿದ್ದನ್ನು ಮಾತ್ರ ಬಿಟ್ಟು ಹೇಳುತ್ತಿದ್ದೆ. ತನ್ನ ಕುಂಕುಮಕ್ಕೆ ತಾನೇ ಹೆದರಿ ಕಾಲು ಕಳೆದುಕೊಂಡ ಎಂದರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ನಜೀಬುಲ್ಲಾ ಒಬ್ಬನೇ ನಗುತ್ತಿರಲಿಲ್ಲ. ನಾನು ಶುರು ಮಾಡಿದರೆ ಲೋಟ ಕೆಳಗಿಟ್ಟು ಎದ್ದು ಹೋಗುತ್ತಿದ್ದ. ಯಾಕಪ್ಪ ಈ ಮನುಷ್ಯನಿಗೆ ಇಷ್ಟು ಬಿಗುಮಾನ ಎಂದು ನನಗೆ ಸಿಟ್ಟೇ ಬರುತ್ತಿತ್ತು.

ಒಂದು ದಿನ ಅವನೇ ಬಂದು, ಆಸ್ಪತ್ರೆಗೆ ಹೋಗಿ ಬರೋಣ ಬಾ ಎಂದ. ಕೈಯಲ್ಲಿ ಚಾಂದ್ ಬೀ ಕಟ್ಟಿಕೊಟ್ಟ ಬುತ್ತಿ. ಪಿಳ್ಳಣ್ಣ ಗೋಡೆಯ ಪಕ್ಕದ ಮಂಚದಲ್ಲಿ ಮಲಗಿದ್ದ. ಕಾಲ್ಬೆರಳುಗಳನ್ನು ತೆಗೆದುಹಾಕಿದ್ದರು, ಕಾಲು ಬಟ್ಟೆಯ ಮೂಟೆಯಾಗಿತ್ತು. ಮುನಿಗಂಗಮ್ಮ ಕಾಲ ಬಳಿ ಕೂತು ನೊಣ ಓಡಿಸುತ್ತಿದ್ದಳು. ನಮ್ಮನ್ನು ಕಂಡು ಅವನು ಎದ್ದು ಕೂರಲು ಹೋದ. ಬಂದವರು ಕೆಲಸ ಹೋಯಿತೆಂದು ಹೇಳಲು ಬಂದರೇನೋ ಎಂಬ ಅಂಜಿಕೆ ಕಣ್ಣಲ್ಲಿ ಹಾಗೆಯೇ ಇತ್ತು. ಹಾಗೇನಿಲ್ಲ, ಗೇಟಿನ ಕೆಲಸ ಕೊಡುತ್ತಾರಂತೆ ಎಂದು ನಾನು ಹೇಳಿದೆ. ಗೇಟಿನಲ್ಲಿ ರಾತ್ರಿ ಒಬ್ಬನೇ ಇರಬೇಕಾಗುತ್ತದಾ ಎಂದು ಕೇಳಿದ. ನನಗೆ ನಗು ತಡೆಯಲಾಗಲಿಲ್ಲ. ಮುನಿಗಂಗಮ್ಮನೂ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಳು.

ನಗು ಇಳಿದ ಮೇಲೆ ನಜೀಬುಲ್ಲಾ ಮಂಚದ ಅಂಚಿನಲ್ಲಿ ಕೂತ. ಅವತ್ತಿನಿಂದ ಅವನ ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಆಗ ಕೇಳಿದ.

“ಪಿಳ್ಳಣ್ಣ, ಗೂಡಿನ ಹಿಂದೆ ಬಾಗಿಲೇ ಇಲ್ವಲ್ಲ. ಬ್ರೇಕು ಹೋಯ್ತು ಅಂತ ಅನ್ಸಿದ್ ಮೇಲೆ ನೀನ್ ಯಾಕೆ ಹಿಂದುಗಡೆಯಿಂದ ಇಳ್ಕೊಂಡ್‌ಬಿಡ್ಲಿಲ್ಲ?”

ಪಿಳ್ಳಣ್ಣ ಮುನಿಗಂಗಮ್ಮನ ಕಡೆ ನೋಡಿದ, ನನ್ನ ಕಡೆ ನೋಡಿದ. ಮತ್ತೆ ನಾವೆಲ್ಲ ನಗುತ್ತೇವೆ ಎಂದು ಗೊತ್ತಿದ್ದವನ ಹಾಗೆ ತಲೆ ತಗ್ಗಿಸಿದ.

“ಹೋಗ್ತಿರೋ ಗಾಡಿಯಿಂದ ಹಾರೋಕೆ ನಂಗೆ ಭಯ ಆಯ್ತು ನಜೀಬಣ್ಣ,” ಎಂದ.

ನಾನು ಬಾಯಿ ತೆರೆದೆ. ಹುಲ್ಲುಹೊರೆಯ ಹೆಂಗಸರು ಆ ಲಾರಿಯನ್ನು ಹಿಂದೆ ಹಾಕಿ ಇಳಿದು ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಅದರಿಂದ ಇಳಿಯಲು ಹಾರುವುದೇ ಬೇಕಿರಲಿಲ್ಲ, ಮನೆಯ ಜಗುಲಿಯಿಂದ ಕಾಲು ಕೆಳಗಿಡುವ ಹಾಗೆ ಇಟ್ಟಿದ್ದರೆ ಸಾಕಿತ್ತು. ಇಟ್ಟು ಅಲ್ಲೇ ನಿಂತುಕೊಂಡಿದ್ದರೆ, ಅವನ ಪಾಲಿಗೆ ಬ್ರೇಕೇ ಇಲ್ಲದ ಆ ಲಾರಿ ನಜೀಬುಲ್ಲಾನನ್ನು ಕರೆದುಕೊಂಡು ಮುಂದೆ ಹೋಗುತ್ತಿತ್ತು. ಅದನ್ನು ನಾನು ಹೇಳುವ ಮೊದಲೇ ನಜೀಬುಲ್ಲಾ ನನ್ನ ಮೊಣಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದ.

“ಹೌದು,” ಎಂದ ಪಿಳ್ಳಣ್ಣನಿಗೆ. “ಯಾರಿಗಾದ್ರೂ ಭಯ ಆಗತ್ತೆ.”